ಮೂರು ಸ್ನಾತಕೋತ್ತರ ವಿದ್ಯೆಗಳು: ಸೇರುವ ಮುನ್ನ ಒಂದಿಷ್ಟು ವಿಚಾರ

ಪದವಿ ಪರೀಕ್ಷೆಗಳು ಮುಗಿಯುವ ಕಾಲಕ್ಕೆ ನಮ್ಮ ಬಂಧುಗಳ ಮನೆಗಳಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಒಂದೇ ಪ್ರಶ್ನೆ ಏಳುತ್ತದೆ: ಮುಂದೇನು? ನಮ್ಮ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು. ಬಿ.ಎಡ್. ಮಾಡುವುದು, ಬ್ಯಾಂಕಿನ ಪರೀಕ್ಷೆ ಬರೆಯುವುದು, ಅನುಕೂಲವಿದ್ದವರು ಮೈಸೂರಿಗೋ ಧಾರವಾಡಕ್ಕೋ ಹೋಗಿ ಎಂ.ಎ. ಮುಗಿಸುವುದು. ಈಗಿನ ಮಕ್ಕಳ ಮುಂದೆ ತೆರೆದಿರುವ ದಾರಿಗಳು ಅನೇಕ. ಅವುಗಳಲ್ಲಿ ಮೂರು ಹೆಸರುಗಳು ಇತ್ತೀಚೆಗೆ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತಿವೆ. ಒಂದು, ಆರ್ಗನೈಸೇಷನಲ್ ಡೆವಲಪ್‌ಮೆಂಟ್, ಅಂದರೆ ಸಂಸ್ಥಾಭಿವೃದ್ಧಿ. ಎರಡು, ಹ್ಯೂಮನ್ ಸರ್ವಿಸಸ್. ನಮ್ಮಲ್ಲಿ ಇದಕ್ಕೆ ತೀರ ಹತ್ತಿರವಾದುದು ಸಮಾಜಕಾರ್ಯ, ಅಂದರೆ ಎಂ.ಎಸ್.ಡಬ್ಲ್ಯು. ಮೂರು, ಇಂಟರ್‌ನ್ಯಾಷನಲ್ ಬಿಸಿನೆಸ್, ಅಂದರೆ ಅಂತರರಾಷ್ಟ್ರೀಯ ವ್ಯವಹಾರ.

ಸಲಹೆ ಕೇಳಿದವರಿಗೆಲ್ಲ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ನನ್ನ ಅಭಿಪ್ರಾಯವನ್ನು ಒಂದೇ ಕಡೆ ಬರೆದಿಡುವುದು ಲೇಸೆಂದು ತೋರಿತು. ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ವ್ಯವಹಾರ ಶಾಸ್ತ್ರದ ಪಂಡಿತನಲ್ಲ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ, ತಂದೆತಾಯಿಗಳ, ಸಹೋದ್ಯೋಗಿಗಳ, ಇಲಾಖೆಯ ನಡುವೆ ಬಾಳಿದವನಿಗೆ ಮನುಷ್ಯರು ಕೂಡಿ ಕೆಲಸ ಮಾಡುವುದು ಎಷ್ಟು ಕಷ್ಟವೆಂಬುದು ಪುಸ್ತಕವಿಲ್ಲದೆಯೂ ತಿಳಿಯುತ್ತದೆ. ಈ ಮೂರು ವಿದ್ಯೆಗಳ ಒಳತಿರುಳೂ ಅದೇ. ಆದ್ದರಿಂದಲೇ ಇವುಗಳನ್ನು ಹೆಸರಿನ ಹಿಂದೆ ಹಚ್ಚಿಕೊಳ್ಳುವ ಅಕ್ಷರಗಳಿಗಾಗಿ ಓದಬಾರದು. ಕ್ಷೇತ್ರದಲ್ಲಿ ನಿಂತು ಕಲಿಸುವ ವ್ಯವಸ್ಥೆಯಿಲ್ಲದ ಕಡೆ ಓದಬಾರದು. ಮನೆಯನ್ನು ಒತ್ತೆಯಿಟ್ಟು ಓದುವ ಮೊದಲಂತೂ ಮೂರು ಬಾರಿ ಯೋಚಿಸಬೇಕು. ಇದು ನನ್ನ ನಿಲುವು. ಇದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಸಂಸ್ಥಾಭಿವೃದ್ಧಿಯ ವಿಚಾರ. ಈ ಶಾಸ್ತ್ರದ ಮೂಲಪುರುಷರಲ್ಲಿ ಮುಖ್ಯನಾದವನು ಕರ್ಟ್ ಲೆವಿನ್. ಜರ್ಮನಿಯ ಯಹೂದಿ ಮನೋವಿಜ್ಞಾನಿಯಾಗಿದ್ದ ಈತ ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ದೇಶ ತೊರೆದು ಅಮೆರಿಕ ಸೇರಿದನು. 1946ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಜನಾಂಗೀಯ ವೈಷಮ್ಯವನ್ನು ತಗ್ಗಿಸುವ ಬಗೆಯನ್ನು ಕಲಿಸಲು ಈತನ ತಂಡ ಒಂದು ಶಿಬಿರ ನಡೆಸಿತು. ಸೇರಿದವರಲ್ಲಿ ಹೆಚ್ಚಿನವರು ಶಿಕ್ಷಕರು ಮತ್ತು ಸಮಾಜಕಾರ್ಯಕರ್ತರು. ಸಂಜೆಯ ವೇಳೆ ಸಂಶೋಧಕರು ತಮ್ಮಷ್ಟಕ್ಕೆ ಕುಳಿತು, ಹಗಲು ಯಾರು ಹೇಗೆ ನಡೆದುಕೊಂಡರೆಂಬುದನ್ನು ಚರ್ಚಿಸುತ್ತಿದ್ದರು. ಕೆಲವು ಶಿಬಿರಾರ್ಥಿಗಳು ತಾವೂ ಕೇಳುತ್ತೇವೆಂದು ಬಂದು ಕುಳಿತರು. ತಮ್ಮ ನಡವಳಿಕೆಯ ಬಗ್ಗೆ ಪರರು ಹೇಳಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ, ವಾದ ಬೆಳೆಯಿತು. ಆ ವಾದದಲ್ಲಿಯೇ ಅವರು ಹಗಲಿನ ಪಾಠಗಳಿಗಿಂತ ಹೆಚ್ಚು ಕಲಿಯುತ್ತಿದ್ದಾರೆಂದು ಲೆವಿನ್ ಗುರುತಿಸಿದನು. 1947ರ ಫೆಬ್ರುವರಿಯಲ್ಲಿ ಆತ ತೀರಿಕೊಂಡನು. ಅದೇ ವರ್ಷ ಮೇಯ್ನ್ ರಾಜ್ಯದ ಬೆಥೆಲ್ ಎಂಬ ಊರಿನಲ್ಲಿ ಆತನ ಸಹವರ್ತಿಗಳು ಆರಂಭಿಸಿದ ತರಬೇತಿ ಪ್ರಯೋಗಶಾಲೆಯಿಂದ ಈ ವಿದ್ಯೆ ಹರಡಿತು. ಅಂದರೆ ಇದರ ಹುಟ್ಟು ವಿಶ್ವವಿದ್ಯಾಲಯದ ಪಠ್ಯಕ್ರಮದಿಂದ ಆದುದಲ್ಲ. ಒಂದು ಊರಿನ ಜಗಳವನ್ನು ಬಿಡಿಸುವ ಪ್ರಯತ್ನದಿಂದ ಆದುದು.

ಇದು ಅಮೆರಿಕದ ಸರಕು, ನಮಗೇಕೆ ಎಂದು ಕೇಳುವವರಿಗಾಗಿ ಅಹಮದಾಬಾದಿನ ಕಥೆಯನ್ನು ಹೇಳಬೇಕು. ಅಲ್ಲಿಯ ಕ್ಯಾಲಿಕೋ ಗಿರಣಿಯಲ್ಲಿ 1950ರ ದಶಕದ ಆರಂಭದಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ತಂದು ಹೂಡಿದರು. 224 ಮಗ್ಗಗಳಿಗೆ 29 ಮಂದಿ ಕಾರ್ಮಿಕರು. ಅವರ ಕೆಲಸವನ್ನು ಹನ್ನೆರಡು ಬಗೆಯಾಗಿ ಹಂಚಲಾಗಿತ್ತು. ನೂಲು ಕಡಿದರೆ ಜೋಡಿಸುವವನು ಒಬ್ಬ, ಲಾಳಿಗೆ ನೂಲು ಒದಗಿಸುವವನು ಇನ್ನೊಬ್ಬ, ಎಣ್ಣೆ ಹಾಕುವವನು ಮತ್ತೊಬ್ಬ. ಇಂಜಿನಿಯರುಗಳು ಎಲ್ಲವನ್ನೂ ಅಳೆದು ತೂಗಿ ಮಾಡಿದ ಏರ್ಪಾಟು. ಆದರೂ ಉತ್ಪಾದನೆ ಹೆಚ್ಚಲಿಲ್ಲ, ಬಟ್ಟೆಯ ದೋಷ ತಗ್ಗಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಅಲ್ಲಿಗೆ ಬಂದನು. ಇಡೀ ಮಗ್ಗದ ಮನೆ ಒಂದು ಕೂಟದಂತಿರದೆ ಬಿಡಿ ಬಿಡಿ ವ್ಯಕ್ತಿಗಳ ಗುಂಪಾಗಿದೆ, ಯಾರೊಬ್ಬರಿಗೂ ಒಂದು ಮಗ್ಗದ ಪೂರ್ಣ ಹೊಣೆಯಿಲ್ಲ ಎಂಬುದು ಆತನ ಕಣ್ಣಿಗೆ ಬಿತ್ತು. 64 ಮಗ್ಗಗಳಿಗೆ ಏಳು ಜನರ ಒಂದು ತಂಡ, ಆ ಮಗ್ಗಗಳ ಹೊಣೆಯೆಲ್ಲ ಆ ತಂಡದ್ದು ಎಂಬ ಸಲಹೆಯನ್ನು ಮುಂದಿಟ್ಟನು. ಕಾರ್ಮಿಕರು ಅದನ್ನು ಕೂಡಲೇ ಹಿಡಿದುಕೊಂಡು ತಂಡಗಳನ್ನು ತಾವೇ ಕಟ್ಟಿಕೊಂಡರು. ಕೆಲವು ಕಾಲದ ಏರುಪೇರಿನ ನಂತರ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಜಾಹೀರಾತಾಗುತ್ತಿತ್ತು. 1970ರ ಸುಮಾರಿಗೆ ಎರಿಕ್ ಮಿಲ್ಲರ್ ಎಂಬ ಸಂಶೋಧಕ ಅದೇ ಗಿರಣಿಗೆ ಮತ್ತೆ ಹೋಗಿ ನೋಡಿದಾಗ, ಒಂದು ಕಡೆ ತಂಡದ ಪದ್ಧತಿ ಹಾಗೆಯೇ ಉಳಿದಿತ್ತು; ಬೇರೆ ಕಡೆಗಳಲ್ಲಿ ಮಾರುಕಟ್ಟೆಯ ಒತ್ತಡದಿಂದ ಹಳೆಯ ಪದ್ಧತಿಗೆ ಜಾರಿತ್ತು. ಬದಲಾವಣೆಯನ್ನು ತರುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಈ ಒಂದು ಪಾಠವನ್ನು ಕಲಿಸದ ಕೋರ್ಸಿಗೆ ಹಣ ಕಟ್ಟುವುದು ವ್ಯರ್ಥ. ನಮ್ಮ ದೇಶದಲ್ಲಿ ಈ ವಿದ್ಯೆಗೆ ದೇಸೀ ನೆಲೆಯನ್ನು ಒದಗಿಸಿದವರಲ್ಲಿ ಉದಯ್ ಪಾರೀಕ್ ಅವರ ಹೆಸರು ದೊಡ್ಡದು. 1970ರ ದಶಕದ ಮಧ್ಯದಲ್ಲಿ ಅವರೂ ಟಿ. ವಿ. ರಾವ್ ಅವರೂ ಲಾರ್ಸೆನ್ ಅಂಡ್ ಟೂಬ್ರೋ ಕಂಪನಿಗೆ ರೂಪಿಸಿಕೊಟ್ಟ ಮಾನವ ಸಂಪನ್ಮೂಲ ಅಭಿವೃದ್ಧಿಯ ಪದ್ಧತಿಯನ್ನು ಇಂದಿಗೂ ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳುತ್ತಾರೆ.

ಇನ್ನು ಎರಡನೆಯದು, ಸಮಾಜಕಾರ್ಯ. ಇದರ ಹುಟ್ಟೂ ಬೀದಿಯಲ್ಲಿಯೇ. ಅಮೆರಿಕದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ 1920ರ ದಶಕದಲ್ಲಿ ಮುಂಬಯಿಗೆ ಬಂದು, ಕಾರ್ಮಿಕರು ಕಿಕ್ಕಿರಿದು ವಾಸಿಸುತ್ತಿದ್ದ ನಾಗಪಾಡಾದಲ್ಲಿ ನೆರೆಹೊರೆಯ ಸೇವಾಗೃಹವನ್ನು ನಡೆಸುತ್ತಿದ್ದನು. ಸೇವೆ ಮಾಡುವ ಮನಸ್ಸಿರುವವರು ಸಿಗುತ್ತಾರೆ, ತರಬೇತಿ ಪಡೆದವರು ಸಿಗುವುದಿಲ್ಲ ಎಂಬ ಕೊರತೆ ಅಲ್ಲಿ ಎದ್ದು ಕಂಡಿತು. 1936ರಲ್ಲಿ ಟಾಟಾ ದತ್ತಿಯ ನೆರವಿನಿಂದ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಆರಂಭವಾಯಿತು. ಮ್ಯಾನ್‌ಶಾರ್ಟ್ ಅದರ ಮೊದಲ ನಿರ್ದೇಶಕನಾದನು. 1944ರಲ್ಲಿ ಅದಕ್ಕೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂದು ಹೆಸರಾಯಿತು. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಸ್ಥಾಪನೆಯಾಯಿತು. ಬಿಜೈ, ಕಂಕನಾಡಿಯ ಕಡೆ ಓಡಾಡಿದವರಿಗೆಲ್ಲ ಆ ಹೆಸರು ಪರಿಚಿತ.

ಸಮಾಜಕಾರ್ಯವೆಂದರೆ ದಾನಧರ್ಮ ಎಂದು ತಿಳಿದವರು ಬಳ್ಳಾರಿಯ ಉದಾಹರಣೆಯನ್ನು ಗಮನಿಸಬೇಕು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ನೀಡಿತು. ಹುಚ್ಚು ಹಿಡಿದಿದೆಯೆಂದು ಮನೆಯ ಮೂಲೆಯಲ್ಲಿ ಕೂಡಿಹಾಕಲ್ಪಡುತ್ತಿದ್ದವರಿಗೆ ತಮ್ಮ ತಾಲ್ಲೂಕಿನಲ್ಲಿಯೇ ಔಷಧಿ ದೊರೆಯುವಂತಾಯಿತು. ಆ ಮಾದರಿಯ ಮೇಲೆಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ರೋಗಿಯ ಮನೆಗೆ ಹೋಗಿ ತಾಯಿಗೆ ತಿಳಿಹೇಳುವುದು, ಮಾತ್ರೆ ನಿಲ್ಲಿಸದಂತೆ ನೋಡಿಕೊಳ್ಳುವುದು, ಮತ್ತೆ ದುಡಿಮೆಗೆ ಹಚ್ಚುವುದು, ಇವೆಲ್ಲ ಕಲಿತು ಮಾಡಬೇಕಾದ ಕೆಲಸಗಳು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಯಾರೆಂಬುದನ್ನು ವಿದ್ಯಾರ್ಹತೆಯ ಸಹಿತ ಹೇಳಿದೆ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯಿದೆಯ ಪಟ್ಟಿಯಲ್ಲಿಯೂ ಇವರಿಗೆ ಸ್ಥಾನ ದೊರೆತಿದೆ.

ನಾನೇ ಕಂಡ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬಹುದು. 2001ರಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಎಲ್ಲರೂ ಕರೆಯುವಂತೆ ಎಸ್.ಡಿ.ಎಂ.ಸಿ.ಗಳು, ರಚನೆಯಾದವು. ನಾನಿದ್ದ ಶಾಲೆಯಲ್ಲಿಯೂ ಸಭೆಗಳು ನಡೆದವು. ತಾಯಂದಿರು ಸದಸ್ಯರಾಗಿದ್ದರು, ಬಂದು ಬಾಗಿಲ ಬಳಿ ಕೂರುತ್ತಿದ್ದರು, ರುಜು ಅಥವಾ ಹೆಬ್ಬೆಟ್ಟು ಹಾಕಿ ಹೋಗುತ್ತಿದ್ದರು. ಒಂದು ವರ್ಷ ಎಂ.ಎಸ್.ಡಬ್ಲ್ಯು. ಓದುತ್ತಿದ್ದ ಹುಡುಗಿಯೊಬ್ಬಳು ಕ್ಷೇತ್ರಕಾರ್ಯಕ್ಕೆಂದು ವಾರಕ್ಕೆ ಎರಡು ದಿನ ನಮ್ಮಲ್ಲಿಗೆ ಬರತೊಡಗಿದಳು. ಆಕೆ ಭಾಷಣ ಮಾಡಲಿಲ್ಲ. ತಾಯಂದಿರ ಮನೆಗಳಿಗೆ ಹೋಗಿ ಬಂದು ಮುಖ್ಯೋಪಾಧ್ಯಾಯರ ಬಳಿ ಎರಡೇ ವಿಷಯ ಕೇಳಿದಳು: "ಸರ್, ಸಭೆಯನ್ನು ಕೂಲಿಯ ಹೊತ್ತು ಮುಗಿದ ಮೇಲೆ ಇಡಬಹುದೇ? ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಬಹುದೇ?" ಎರಡೂ ನಡೆದವು. ಮೂರನೆಯ ಸಭೆಯಲ್ಲಿ ಒಬ್ಬ ತಾಯಿ ಬಾಯಿ ಬಿಟ್ಟಳು. "ಶೌಚಾಲಯ ಕಟ್ಟಿಸಿದ್ದೀರಿ ಮೇಷ್ಟ್ರೇ, ಅದಕ್ಕೆ ನೀರೆಲ್ಲಿದೆ? ನನ್ನ ಮಗಳು ತಿಂಗಳಲ್ಲಿ ನಾಲ್ಕು ದಿನ ಶಾಲೆಗೆ ಯಾಕೆ ಬರುವುದಿಲ್ಲ ಅಂತ ನೀವು ಕೇಳಿದ್ದೀರಾ?" ಎಂದಳು. ಆ ವರ್ಷವೇ ನೀರಿನ ಕೊಳವೆ ಬಂತು. ಆ ಹುಡುಗಿ ಮಾಡಿದ್ದು ಸಮಾಜಕಾರ್ಯವೋ ಸಂಸ್ಥಾಭಿವೃದ್ಧಿಯೋ ಎಂದು ನನ್ನನ್ನು ಕೇಳಿದರೆ, ಎರಡನ್ನೂ ಬಿಡಿಸಿ ಹೇಳಲು ನನಗೆ ಬಾರದು.

ಮೂರನೆಯ ವಿದ್ಯೆಯಾದ ಅಂತರರಾಷ್ಟ್ರೀಯ ವ್ಯವಹಾರವೆಂದೊಡನೆ ಹುಡುಗರ ಕಣ್ಣಮುಂದೆ ವಿಮಾನ ನಿಲ್ದಾಣ, ಸೂಟು, ಗಾಜಿನ ಕಟ್ಟಡಗಳು ಬರುತ್ತವೆ. ನನ್ನ ಕಣ್ಣಮುಂದೆ ಬರುವುದು ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಕಾಫಿ ಕಣ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ದೇಶದ ಬೆಳೆಯ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಅರೇಬಿಕಾದ ಧಾರಣೆಗೆ ನ್ಯೂಯಾರ್ಕ್ ಪೇಟೆಯೂ ರೋಬಸ್ಟಾದ ಧಾರಣೆಗೆ ಲಂಡನ್ ಪೇಟೆಯೂ ದಾರಿ ತೋರುತ್ತವೆ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದಾಗ ಜಗತ್ತಿನಾದ್ಯಂತ ಧಾರಣೆ ಕುಸಿಯಿತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲದಾಯಿತು. 1990ರ ದಶಕದ ಮಧ್ಯದ ವೇಳೆಗೆ ಕಾಫಿ ಮಂಡಳಿಯ ಕಡ್ಡಾಯ ಖರೀದಿ ಕೊನೆಗೊಂಡು, ಬೆಳೆಗಾರನೇ ತನ್ನ ಬೆಳೆಗೆ ಮಾರುಕಟ್ಟೆ ಹುಡುಕಿಕೊಳ್ಳಬೇಕಾಯಿತು. ಎರಡೆಕರೆ ತೋಟದವನೂ ಆ ದಿನದಿಂದ ಅಂತರರಾಷ್ಟ್ರೀಯ ವ್ಯವಹಾರಸ್ಥನಾದನು. ಅದಕ್ಕೆ ಬೇಕಾದ ವಿದ್ಯೆಯನ್ನು ಮಾತ್ರ ಯಾರೂ ಅವನಿಗೆ ಕಲಿಸಲಿಲ್ಲ.

ಈಚಿನ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಕಾಡು ಕಡಿದು ಬೆಳೆದ ಪದಾರ್ಥಗಳನ್ನು ತನ್ನಲ್ಲಿ ಮಾರಬಾರದೆಂದು ಯುರೋಪಿಯನ್ ಒಕ್ಕೂಟವು 2023ರಲ್ಲಿ ನಿಯಮ ಮಾಡಿತು. ಕಾಫಿಯೂ ಆ ಪಟ್ಟಿಯಲ್ಲಿದೆ. 2020ರ ಡಿಸೆಂಬರ್ 31ರ ನಂತರ ಅರಣ್ಯನಾಶವಾದ ಜಾಗದಲ್ಲಿ ಬೆಳೆದದ್ದಲ್ಲವೆಂದು ತೋರಿಸಲು, ಪ್ರತಿಯೊಂದು ತೋಟದ ಸ್ಥಾನವನ್ನು ಅಕ್ಷಾಂಶ ರೇಖಾಂಶಗಳ ಸಹಿತ ಒದಗಿಸಬೇಕು. ಜಾರಿಯ ದಿನವನ್ನು ಮುಂದೂಡಿದ್ದಾರೆ, ನಿಯಮ ಮಾತ್ರ ಹೋಗಿಲ್ಲ. ಮರಗಳ ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮವರು ಕಾಡಿನ ಶತ್ರುಗಳಲ್ಲ. ಆದರೆ ಪಹಣಿ ಇನ್ನೂ ತಾತನ ಹೆಸರಿನಲ್ಲಿಯೇ ಇರುವ ಸಣ್ಣ ಹಿಡುವಳಿದಾರನು ಇದನ್ನು ಕಾಗದದ ಮೇಲೆ ಸಾಬೀತು ಮಾಡುವುದು ಹೇಗೆ? ಬ್ರಸೆಲ್ಸಿನ ನಿಯಮವನ್ನು ಓದಬಲ್ಲವನು ಬೇಕು. ಬೆಳೆಗಾರರ ಸಂಘವನ್ನು ಕಟ್ಟಿ ನಡೆಸಬಲ್ಲವನು ಬೇಕು. ತೋಟದ ಮಾಲೀಕನ ಜೊತೆಗೆ ಲೈನುಮನೆಯ ಕೂಲಿಯವರ ಮಾತನ್ನೂ ಕೇಳಬಲ್ಲವನು ಬೇಕು. ಮೂರು ವಿದ್ಯೆಗಳೂ ಒಂದೇ ಕಣದಲ್ಲಿ ಬಂದು ನಿಲ್ಲುವುದು ಹೀಗೆ.

ಇವು ಒಂದನ್ನೊಂದು ಅರಿಯದೆ ದೂರವಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಭೋಪಾಲಕ್ಕಿಂತ ಘೋರವಾದ ನಿದರ್ಶನ ಬೇಡ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡಿನ ಕಾರ್ಖಾನೆಯಿಂದ ವಿಷಾನಿಲ ಸೋರಿ ಸಾವಿರಾರು ಜನ ಸತ್ತರು. ಅದಕ್ಕೆ ಮುಂಚೆ ಅಲ್ಲಿ ಸಿಬ್ಬಂದಿಯನ್ನು ಕಡಿತಗೊಳಿಸಲಾಗಿತ್ತು, ಅನಿಲವನ್ನು ತಂಪಾಗಿಡುವ ಘಟಕವನ್ನು ನಿಲ್ಲಿಸಲಾಗಿತ್ತು. ಇದು ಸಂಸ್ಥೆಯ ಒಳಗಿನ ರೋಗ. ಮೊಕದ್ದಮೆ ಅಮೆರಿಕದಲ್ಲಿ ನಡೆಯಬೇಕೋ ಭಾರತದಲ್ಲಿ ನಡೆಯಬೇಕೋ ಎಂಬ ವಾದವಾಗಿ, 1986ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅದನ್ನು ಭಾರತಕ್ಕೆ ಬಿಟ್ಟಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಇದು ಅಂತರರಾಷ್ಟ್ರೀಯ ವ್ಯವಹಾರದ ಮುಖ. ಉಸಿರಾಟದ ತೊಂದರೆಯಿಂದ ದುಡಿಯಲಾರದೆ ಉಳಿದ ಕುಟುಂಬಗಳ ಆರೈಕೆ ದಶಕಗಳ ಕಾಲ ಸಾಗಬೇಕಾದುದು ಸಮಾಜಕಾರ್ಯದ ಮುಖ. ಹೆಚ್ಚಿನ ಪರಿಹಾರ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಮಾರ್ಚಿಯಲ್ಲಿ ತಳ್ಳಿಹಾಕಿತು. ಹೊರದೇಶದ ವ್ಯವಹಾರವನ್ನು ಕಲಿಸುವ ಯಾವ ತರಗತಿಯಲ್ಲಾದರೂ ಸರಿ, ಲಾಭದ ಅಧ್ಯಾಯದ ಪಕ್ಕದಲ್ಲಿಯೇ ಈ ಅಧ್ಯಾಯವೂ ಇರಬೇಕೆಂದು ನಾನು ಬಯಸುತ್ತೇನೆ.

ಹಾಗಾದರೆ ಯಾರು, ಯಾವಾಗ, ಯಾವುದನ್ನು ಸೇರಬೇಕು? ನನ್ನ ಮಟ್ಟಿಗೆ ಹೇಳುವುದಾದರೆ, ಸಮಾಜಕಾರ್ಯವನ್ನು ಪದವಿ ಮುಗಿದ ಕೂಡಲೇ ಸೇರಬಹುದು. ಏಕೆಂದರೆ ಒಳ್ಳೆಯ ಎಂ.ಎಸ್.ಡಬ್ಲ್ಯು. ಕೋರ್ಸಿನಲ್ಲಿ ಕ್ಷೇತ್ರಕಾರ್ಯ ಪಾಠದ ಒಂದು ಅಂಗವಾಗಿಯೇ ಇರುತ್ತದೆ; ಅನುಭವ ಅಲ್ಲಿಯೇ ಸಿಗುತ್ತದೆ. ಅಂತರರಾಷ್ಟ್ರೀಯ ವ್ಯವಹಾರಕ್ಕೆ ಮೊದಲು ಒಂದೆರಡು ವರ್ಷ ರಫ್ತು ಕಚೇರಿಯಲ್ಲೋ ಬಂದರಿನ ಏಜೆಂಟರ ಬಳಿಯೋ ಬ್ಯಾಂಕಿನ ವಿದೇಶೀ ವಿನಿಮಯ ವಿಭಾಗದಲ್ಲೋ ದುಡಿದು ಹೋದರೆ ಓದು ಹತ್ತುತ್ತದೆ. ಸಂಸ್ಥಾಭಿವೃದ್ಧಿಯನ್ನು ಮಾತ್ರ ನಾಲ್ಕೈದು ವರ್ಷ ಎಲ್ಲಿಯಾದರೂ ಕೆಲಸ ಮಾಡಿದ ನಂತರವೇ ಓದಬೇಕು. ಮೇಲಧಿಕಾರಿಯ ಕೋಪವನ್ನು ಉಂಡಿರದ, ಸಹೋದ್ಯೋಗಿಯ ಅಸೂಯೆಯನ್ನು ಕಂಡಿರದ ಇಪ್ಪತ್ತೊಂದರ ಹುಡುಗನಿಗೆ ಸಂಸ್ಥೆಗಳನ್ನು ಬದಲಾಯಿಸುವ ಬಗೆಯನ್ನು ಹೇಳಿಕೊಡುವುದು, ನೀರಿಗಿಳಿಯದವನಿಗೆ ಈಜಿನ ಪುಸ್ತಕ ಕೊಟ್ಟಂತೆ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಬಲವಾದುದೇ. "ಸರ್, ನೀವು ಕಾಯಿರಿ ಎನ್ನುತ್ತೀರಿ. ಎರಡು ವರ್ಷ ಕಾದರೆ ನಮ್ಮ ಮನೆಯಲ್ಲಿ ನನಗೆ ಮದುವೆ ಮಾಡಿ ಮುಗಿಸುತ್ತಾರೆ" ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಆಕೆಯ ಮಾತು ನಿಜ. ಗಂಡುಮಕ್ಕಳಿಗೆ ಕಾಯುವ ಸ್ವಾತಂತ್ರ್ಯವಿದೆ, ಹೆಣ್ಣುಮಕ್ಕಳಿಗೆ ಹಲವು ಮನೆಗಳಲ್ಲಿ ಅದಿಲ್ಲ. ಅಂಥವರಿಗೆ ನನ್ನ ಸಲಹೆ ಬೇರೆ: ಸಿಕ್ಕ ಕಡೆ ಸೇರಿಬಿಡಿ, ಆದರೆ ಕ್ಷೇತ್ರಕಾರ್ಯವಿರುವ ಕೋರ್ಸನ್ನೇ ಆರಿಸಿಕೊಳ್ಳಿ. ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಒಂದು ಮಾತು. ಮಗಳು ಕೆಲಸಕ್ಕೆ ಹೋಗುವ ಎರಡು ವರ್ಷಗಳನ್ನು ವ್ಯರ್ಥವಾದ ವರ್ಷಗಳೆಂದು ಲೆಕ್ಕ ಹಾಕಬೇಡಿ. ಅವಳ ಓದಿಗೆ ಅವೇ ಬುನಾದಿ.

ಈಗ ಹಣದ ವಿಚಾರಕ್ಕೆ ಬರೋಣ. ವಿದೇಶದ ಓದಿಗೆಂದು ಮೂವತ್ತು ಲಕ್ಷ ರೂಪಾಯಿ ಸಾಲ ಮಾಡಿದಿರೆಂದು ಇಟ್ಟುಕೊಳ್ಳಿ. ಶೇ. 10.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 40,500 ರೂಪಾಯಿ; ಒಟ್ಟು ಕಟ್ಟುವ ಹಣ 48 ಲಕ್ಷ ಮೀರುತ್ತದೆ. ಓದುವ ಕಾಲದಲ್ಲಿ ಬೆಳೆಯುವ ಬಡ್ಡಿ ಇದಕ್ಕೆ ಸೇರಿಲ್ಲ. ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಮನೆಯನ್ನೋ ಸೈಟನ್ನೋ ಭದ್ರತೆಯಾಗಿ ಕೇಳುತ್ತವೆ. ಅಂದರೆ ಮಗನಿಗೆ ಕೆಲಸ ತಡವಾದರೆ ಅಪ್ಪ ಅಮ್ಮ ಮಲಗುವ ಮನೆಯೇ ಅಲುಗಾಡುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು, ಮನೆಮಂದಿಯೆಲ್ಲ ಕುಳಿತು ನೋಡಿದ ನಂತರವೇ ಸಹಿ ಹಾಕಿರಿ.

ಹೆಸರಿನ ಮೋಸಕ್ಕೂ ಒಳಗಾಗಬೇಡಿ. ಅಮೆರಿಕದಲ್ಲಿ ಸಮಾಜಕಾರ್ಯಕರ್ತರಿಗೆ ಆಯಾ ರಾಜ್ಯದ ಪರವಾನಗಿ ಬೇಕು. ಅದಕ್ಕೆ ಅಲ್ಲಿಯ ಸಮಾಜಕಾರ್ಯ ಶಿಕ್ಷಣ ಮಂಡಳಿಯ ಮಾನ್ಯತೆ ಪಡೆದ ಎಂ.ಎಸ್.ಡಬ್ಲ್ಯು. ಪದವಿಯನ್ನು ಕೇಳುತ್ತಾರೆ, ಆ ಪದವಿಯಲ್ಲಿ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಇರಲೇಬೇಕು. ಹ್ಯೂಮನ್ ಸರ್ವಿಸಸ್ ಎಂಬ ಹೆಸರಿನ ಸ್ನಾತಕೋತ್ತರ ಪದವಿ ಬೇರೆಯೇ. ಸಂಸ್ಥೆಗಳ ಆಡಳಿತಕ್ಕೆ ಅದು ಉಪಯುಕ್ತವಾಗಬಹುದು, ಆದರೆ ಸಮಾಜಕಾರ್ಯಕರ್ತರ ಪರವಾನಗಿಗೆ ಸಾಮಾನ್ಯವಾಗಿ ದಾರಿಯಾಗದು. ಎರಡೂ ಒಂದೇ ಎಂದು ಹೇಳುವ ಏಜೆಂಟನ ಮಾತನ್ನು ನಂಬಬೇಡಿ. ಮನೆಯಲ್ಲಿಯೇ ಕುಳಿತು ಮೊಬೈಲಿನಲ್ಲಿ ವಿದೇಶೀ ಪದವಿ ಪಡೆಯಿರಿ ಎಂಬ ಜಾಹೀರಾತುಗಳ ವಿಷಯದಲ್ಲಿಯೂ ಎಚ್ಚರ ಬೇಕು. ತನ್ನ ಮಾನ್ಯತೆಯಿಲ್ಲದ ವಿದೇಶೀ ವಿಶ್ವವಿದ್ಯಾಲಯಗಳೊಡನೆ ಕೂಡಿ ಕಂಪನಿಗಳು ಕೊಡುವ ಇಂಥ ಪದವಿಗಳ ಬಗ್ಗೆ ಯು.ಜಿ.ಸಿ.ಯು 2023ರ ಡಿಸೆಂಬರಿನಲ್ಲಿಯೇ ಎಚ್ಚರಿಸಿದೆ. ವೀಸಾ ನಿಯಮಗಳೂ ಸ್ಥಿರವಲ್ಲ. ಬ್ರಿಟನ್ 2024ರ ಜನವರಿಯಿಂದ, ಸಂಶೋಧನೆಯಲ್ಲಿರುವವರಂಥ ಕೆಲವರನ್ನು ಬಿಟ್ಟು, ಉಳಿದ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. ಇಂದಿನ ನಿಯಮವನ್ನು ನಂಬಿ ಹತ್ತು ವರ್ಷದ ಸಾಲ ಮಾಡುವುದು ಜಾಣತನವಲ್ಲ.

ಇನ್ನು ನಮ್ಮ ಬಂಧುಗಳಿಗೆ ಸ್ವಲ್ಪ ಖಾರವಾಗಿಯೇ ಒಂದು ಮಾತು ಹೇಳಬೇಕಾಗಿದೆ. ಎಂ.ಬಿ.ಎ. ಓದುವ ಹುಡುಗನನ್ನು ಮದುವೆಮನೆಯಲ್ಲಿ ಮುಂದಿನ ಸಾಲಿಗೆ ಕರೆಯುತ್ತೀರಿ. ಎಂ.ಎಸ್.ಡಬ್ಲ್ಯು. ಓದುವ ಹುಡುಗಿಯನ್ನು "ಬೇರೇನೂ ಸಿಗಲಿಲ್ಲವೇನಮ್ಮ?" ಎಂದು ಕೇಳುತ್ತೀರಿ. ಆ ಪದವಿ ಪಡೆದವರೇ ಕಾರ್ಖಾನೆಗಳಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡುತ್ತಾರೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಆಸ್ಪತ್ರೆಯಲ್ಲಿ ಹಣವಿಲ್ಲದೆ ಕಂಗಾಲಾದವನಿಗೆ ಯಾವ ಯೋಜನೆಯಿಂದ ನೆರವು ದೊರೆಯುತ್ತದೆಂದು ತಿಳಿಸುವವರೂ ಅವರೇ. ಸಂಬಳ ಕಡಿಮೆಯೆಂಬುದು ನಿಜ. ಬಹಳಷ್ಟು ಹುದ್ದೆಗಳು ಗುತ್ತಿಗೆಯವು, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಅದು ಆ ವಿದ್ಯೆಯ ಕೊರತೆಯಲ್ಲ. ಆ ಕೆಲಸಕ್ಕೆ ಬೆಲೆ ಕಟ್ಟಲು ಒಲ್ಲದ ಸಮಾಜದ ಕೊರತೆ. ಅದನ್ನು ಸರಿಪಡಿಸಬೇಕೆಂದು ಕೇಳುವ ಬದಲು ಓದುವ ಮಕ್ಕಳನ್ನೇ ಹೀಗಳೆಯುವುದು ನ್ಯಾಯವಲ್ಲ.

ಮತ್ತೊಂದು ವಿಷಯವನ್ನು ಕನ್ನಡ ಮೇಷ್ಟ್ರಾಗಿ ಹೇಳದೆ ಇರಲಾರೆ. ಈ ಮೂರು ವಿದ್ಯೆಗಳ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಹಾಗೆಂದು ಕೆಲಸವೂ ಇಂಗ್ಲಿಷಿನಲ್ಲಿಯೇ ನಡೆಯುತ್ತದೆಂದು ಭಾವಿಸಬೇಡಿ. ಪೀಣ್ಯದ ಕಾರ್ಖಾನೆಯ ಕಾರ್ಮಿಕ, ರಾಯಚೂರಿನ ಆಶಾ ಕಾರ್ಯಕರ್ತೆ, ಕೊಡಗಿನ ತೋಟದ ಆಳು, ಇವರು ತಮ್ಮ ಅಳಲನ್ನು ಇಂಗ್ಲಿಷಿನಲ್ಲಿ ತೋಡಿಕೊಳ್ಳುವುದಿಲ್ಲ. ಡಚ್ ವಿದ್ವಾಂಸ ಹಾಫ್‌ಸ್ಟೆಡ್ ಐ.ಬಿ.ಎಂ. ಕಂಪನಿಯ ನೌಕರರಿಂದ ಒಂದು ಲಕ್ಷಕ್ಕೂ ಮಿಕ್ಕಿ ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು, ಮೇಲಿನವರಿಗೂ ಕೆಳಗಿನವರಿಗೂ ನಡುವಣ ಅಂತರವನ್ನು ದೇಶದೇಶಕ್ಕೆ ಹೋಲಿಸಿ 1980ರಲ್ಲಿ ಪುಸ್ತಕ ಬರೆದನು. ಒಂದೇ ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯಬಹುದೇ ಎಂದು ಅನೇಕರು ಆಕ್ಷೇಪಿಸಿದರು, ಅದು ಯುಕ್ತವೇ. ನಮ್ಮಲ್ಲಿ ಆ ಅಂತರವನ್ನು ಅರಿಯಲು ಪ್ರಶ್ನಾವಳಿ ಬೇಕಿಲ್ಲ. ಯಾರು ಯಾರಿಗೆ 'ನೀನು' ಎನ್ನುತ್ತಾರೆ, ಯಾರಿಗೆ 'ತಾವು' ಎನ್ನುತ್ತಾರೆ ಎಂದು ಕಿವಿಗೊಟ್ಟು ಕೇಳಿದರೆ ಸಾಕು. ಈ ಕಿವಿ ಕನ್ನಡ ಬಲ್ಲವನಿಗಿದೆ. ಅದನ್ನು ಕೀಳರಿಮೆಯೆಂದು ಮುಚ್ಚಿಕೊಳ್ಳದೆ ವೃತ್ತಿಯ ಬಂಡವಾಳವೆಂದು ಉಳಿಸಿಕೊಳ್ಳಿ.

ಸೇರುವ ಮೊದಲು ಕಾಲೇಜಿನವರನ್ನು ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಕ್ಷೇತ್ರಕಾರ್ಯ ಎಷ್ಟು ಗಂಟೆ, ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ? ಪಾಠ ಹೇಳುವವರು ಆ ಕೆಲಸವನ್ನು ಸ್ವತಃ ಮಾಡಿದವರೇ? ಪದವಿಗೆ ಯಾರ ಮಾನ್ಯತೆ ಇದೆ, ಯಾವ ಹುದ್ದೆಗೆ ಅದು ಸಲ್ಲುತ್ತದೆ? ಕಳೆದ ಸಾಲಿನಲ್ಲಿ ಓದಿ ಮುಗಿಸಿದ ಐದು ಜನರೊಡನೆ ಮಾತನಾಡಲು ಬಿಡುತ್ತೀರಾ? ನಾಲ್ಕನೆಯ ಪ್ರಶ್ನೆಗೆ ನುಣುಚಿಕೊಳ್ಳುವ ಸಂಸ್ಥೆಯ ಮೆಟ್ಟಿಲಿಳಿದು ಬಂದುಬಿಡಿ. ಐದನೆಯ ಪ್ರಶ್ನೆಯೊಂದುಂಟು, ಅದನ್ನು ನಿಮ್ಮನ್ನೇ ಕೇಳಿಕೊಳ್ಳಬೇಕು: ಪದವಿಯ ಹೆಸರು ಯಾರಿಗೂ ತಿಳಿಯದಿದ್ದರೂ ಈ ಕೆಲಸವನ್ನು ನಾನು ಮಾಡುತ್ತೇನೆಯೇ? ಮಾಡುತ್ತೇನೆಂದು ಮನಸ್ಸು ಹೇಳಿದರೆ ಧೈರ್ಯವಾಗಿ ಹೊರಡಿ. ಊರಿನಲ್ಲಿಯೋ ಮುಂಬಯಿಯಲ್ಲಿಯೋ ಬಾಸ್ಟನ್ನಿನಲ್ಲಿಯೋ ಎಂಬುದು ಆಮೇಲಿನ ಮಾತು.

ಈ ಹಾದಿಗಳಲ್ಲಿ ಈಗಾಗಲೇ ನಡೆದಿರುವ ನನ್ನ ಶಿಷ್ಯರು ಹಲವರಿದ್ದಾರೆ. ನಿಮ್ಮ ಅನುಭವ ನನ್ನ ಮಾತಿಗೆ ವಿರುದ್ಧವಾಗಿದ್ದರೂ ಸಂಕೋಚವಿಲ್ಲದೆ ಬರೆಯಿರಿ. ಈಗ ದಾರಿ ಹುಡುಕುತ್ತಿರುವ ಕಿರಿಯರಿಗೆ ನನ್ನಂಥ ನಿವೃತ್ತ ಮೇಷ್ಟ್ರ ಉಪದೇಶಕ್ಕಿಂತ ನಿಮ್ಮ ಎರಡು ಸಾಲು ಹೆಚ್ಚು ಉಪಕಾರ ಮಾಡೀತು.